ಮನೆಗೇ ಬಂದು ಮಾಡುವ ಲಿಪಿಡ್ ಪ್ರೊಫೈಲ್: ರಕ್ತ ತೆಗೆಯುವ ಕೆಲಸ ಅಚ್ಚುಕಟ್ಟು, ವರದಿ ಅರೆಬರೆ

ಲಿಪಿಡ್ ಪ್ರೊಫೈಲ್, ಅಂದರೆ ರಕ್ತದಲ್ಲಿನ ಕೊಬ್ಬಿನಂಶಗಳ ಪರೀಕ್ಷೆ, ಸೇರಿರುವ ಮೈಸೂರಿನ ಖಾಸಗಿ ಲ್ಯಾಬೊಂದರ ‘ಹೃದಯ ಪ್ಯಾಕೇಜ್’ ಅನ್ನು ನಮ್ಮ ತಾಯಿಯವರಿಗೆ ಮಾಡಿಸಿದೆವು. ಅವರಿಗೆ ಅರವತ್ತು ದಾಟಿದೆ, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯೂ ಇದೆ. 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಹಬ್ಬಿ, ಇಲ್ಲಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತದ್ದನ್ನು ಊರೆಲ್ಲ ಕಂಡಿದೆ. ಅಂಥ ಆತಂಕದಲ್ಲಿ ಪರೀಕ್ಷೆ ಮಾಡಿಸುವವರ ಕೈಗೆ ಕೊನೆಗೆ ಉಳಿಯುವುದು ವರದಿಯೊಂದೇ ಆದ್ದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಮೊದಲು ಮೆಚ್ಚಬೇಕಾದದ್ದು. ಕುವೆಂಪುನಗರದ ನಮ್ಮ ಮನೆಗೆ ಹೇಳಿದ ಹೊತ್ತಿಗೇ ಬಂದ ಯುವತಿ ಕೈ ತೊಳೆದು, ಸೂಜಿಯ ಸೀಲನ್ನು ನಮ್ಮೆದುರೇ ಒಡೆದು, “ಅಮ್ಮ, ಬೆಳಿಗ್ಗೆ ನೀರು ಕುಡಿದಿದ್ದೀರಲ್ಲಾ?” ಎಂದು ಕೇಳಿಕೊಂಡೇ ನರ ಹುಡುಕಿದರು. ಸಕ್ಕರೆಗೆ ಬೂದು ಮುಚ್ಚಳದ ಟ್ಯೂಬು, ಕೊಬ್ಬಿನಂಶಗಳಿಗೆ ಹಳದಿ ಮುಚ್ಚಳದ್ದು. ಎರಡಕ್ಕೂ ಹೆಸರಿನ ಚೀಟಿಯನ್ನು ಹಾಸಿಗೆಯ ಪಕ್ಕದಲ್ಲಿಯೇ ಅಂಟಿಸಿದರು. ಮಾದರಿಗಳು ಅದಲುಬದಲಾಗದಂತೆ ತಡೆಯುವುದು ಈ ಸಣ್ಣ ಶಿಸ್ತೇ.

ಸಂಜೆಯೊಳಗೆ ವಾಟ್ಸಾಪಿನಲ್ಲಿ ಬಂದ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 198, ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 42, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 220, ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 112 ಎಂದಿತ್ತು (ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ). ಕೆಂಪು ಬಣ್ಣದಲ್ಲಿದ್ದದ್ದು ಟ್ರೈಗ್ಲಿಸರೈಡ್ ಒಂದೇ. ಒಟ್ಟು ಕೊಲೆಸ್ಟ್ರಾಲ್ 200ರ ಒಳಗಿದೆ, ಎಲ್‌ಡಿಎಲ್ 130ರ ಒಳಗಿದೆ, ಆದ್ದರಿಂದ ಎಲ್ಲ ಸರಿಯಾಗಿದೆ ಎಂದು ಯಾರಾದರೂ ನಿಟ್ಟುಸಿರು ಬಿಡುವಂತೆಯೇ ಆ ಹಾಳೆ ಇತ್ತು. ನನ್ನ ಮುಖ್ಯ ಆಕ್ಷೇಪ ಇದಕ್ಕೇ.

ರಕ್ತನಾಳದ ಗೋಡೆಯೊಳಕ್ಕೆ ಸೇರಿ, ಅಲ್ಲಿ ವರ್ಷಾನುಗಟ್ಟಲೆ ಶೇಖರವಾಗಿ, ಒಂದು ದಿನ ಆ ಗಡ್ಡೆ ಬಿರಿದು ರಕ್ತ ಹೆಪ್ಪುಗಟ್ಟಲು ಕಾರಣವಾಗುವುದು ಮುಖ್ಯವಾಗಿ ಎಲ್‌ಡಿಎಲ್ ಕಣಗಳು. ಅವು ಎಷ್ಟಿದ್ದರೆ ಹೆಚ್ಚು ಎಂಬುದು ವ್ಯಕ್ತಿಯ ಉಳಿದ ಅಪಾಯಗಳನ್ನು ಅವಲಂಬಿಸಿದೆ. ಹೃದ್ರೋಗ ತಜ್ಞರ ಸಂಘವಾದ ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಕಡಿಮೆ ಅಪಾಯದವರಿಗೇ 100ರ ಕೆಳಗಿನ ಎಲ್‌ಡಿಎಲ್ ಗುರಿಯನ್ನು ಹೇಳುತ್ತದೆ. ಸಕ್ಕರೆ ಕಾಯಿಲೆಯಂಥ ಕಾರಣದಿಂದ ಹೆಚ್ಚಿನ ಅಪಾಯದಲ್ಲಿರುವವರಿಗೆ ಅದು 70ರ ಕೆಳಗೆ, ಈಗಾಗಲೇ ಹೃದಯಾಘಾತ ಆದವರಿಗೆ 55ರ ಕೆಳಗೆ. ನಮ್ಮ ತಾಯಿಯವರ 112 ಎಂಬ ಅಂಕಿಯನ್ನು ಈ ಅಳತೆಯಿಂದ ನೋಡಿದರೆ ಸಮಾಧಾನಪಡುವ ಮಾತೇ ಇಲ್ಲ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಇದೆ ಎಂದು ಬರೆಸಿಕೊಂಡ ಲ್ಯಾಬ್ ವರದಿಯಲ್ಲಿ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಎಚ್‌ಡಿಎಲ್‌ಗೆ ಗಂಡಸರಿಗೆ 40, ಹೆಂಗಸರಿಗೆ 50 ಎಂಬ ಕನಿಷ್ಠ ಮಟ್ಟವನ್ನು ಬಹುಕಾಲದಿಂದ ಬಳಸುತ್ತಾರೆ. ಇಲ್ಲಿ ಎಲ್ಲರಿಗೂ 40 ಎಂದೇ ಅಚ್ಚಾಗಿದೆ.

ಇನ್ನೊಂದು ಕೊರತೆ ಇದಕ್ಕಿಂತ ಸೂಕ್ಷ್ಮವಾದದ್ದು. ಆ 112 ನೇರವಾಗಿ ಅಳೆದದ್ದಲ್ಲ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆದು ಬಂದದ್ದು: 198ರಲ್ಲಿ 42 ಹೋಗಿ, 44 ಹೋಗಿ, 112. 1972ರಿಂದ ಬಳಕೆಯಲ್ಲಿರುವ ಫ್ರೀಡೆವಾಲ್ಡ್ ಸೂತ್ರ ಇದು. ಟ್ರೈಗ್ಲಿಸರೈಡ್ 400 ಮೀರಿದರೆ ನೆಚ್ಚುವಂತಿಲ್ಲ, ಅದಕ್ಕಿಂತ ಕಡಿಮೆಯಿದ್ದಾಗಲೂ ಏರಿದಷ್ಟೂ ಸಡಿಲವಾಗುತ್ತದೆ. ಟ್ರೈಗ್ಲಿಸರೈಡ್ ಏರಿದವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ನಾನ್-ಎಚ್‌ಡಿಎಲ್, ಅಂದರೆ ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಮಾತ್ರ ಕಳೆದ ಅಂಕಿ. ರಕ್ತನಾಳಕ್ಕೆ ಹಾನಿ ಮಾಡುವ ಎಲ್ಲ ಕಣಗಳ ಕೊಲೆಸ್ಟ್ರಾಲ್ ಅದರಲ್ಲಿ ಸೇರುತ್ತದೆ. ತಾಯಿಯವರದು 156, ಅವರಿಗಿರುವ ಗುರಿ 100ರ ಕೆಳಗೆ. ಒಂದೇ ಒಂದು ಕಳೆಯುವ ಲೆಕ್ಕದ ಈ ಸಾಲು ವರದಿಯಲ್ಲಿ ಇರಲೇ ಇಲ್ಲ.

ಎಲ್‌ಡಿಎಲ್‌ನಂಥದೇ ಕಣವಾದ, ಹುಟ್ಟಿನಿಂದಲೇ ಬರುವ ಲಿಪೊಪ್ರೋಟೀನ್-ಎ ಅಂಶವನ್ನು ಜೀವಮಾನದಲ್ಲಿ ಒಮ್ಮೆಯಾದರೂ ಅಳೆಸಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಹೃದಯದ ಹೆಸರಿನ ಪ್ಯಾಕೇಜಿನಲ್ಲಿ ವಿಟಮಿನ್ ಪರೀಕ್ಷೆಗಳಿಗೆ ಜಾಗವಿದೆ, ಇದಕ್ಕಿಲ್ಲ. ಜೊತೆಗೆ ಕೊಟ್ಟ ಆಹಾರದ ಚೀಟಿ ತುಪ್ಪ, ಮೊಟ್ಟೆ ಬಿಡಿ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಟ್ರೈಗ್ಲಿಸರೈಡ್ ಏರಿಸುವ ಸಕ್ಕರೆ, ಸಿಹಿತಿಂಡಿ, ತಟ್ಟೆ ತುಂಬ ಬಿಳಿ ಅನ್ನದ ಸುದ್ದಿಯೇ ಅದರಲ್ಲಿಲ್ಲ.

ಪರೀಕ್ಷೆಗೆ ಮುನ್ನ ಹನ್ನೆರಡು ಗಂಟೆ ಉಪವಾಸವಿರಲೇಬೇಕೆಂಬ ಲ್ಯಾಬಿನವರ ಪಟ್ಟು ಸಕ್ಕರೆಯ ಮಾತ್ರೆ ನುಂಗುವ ವಯಸ್ಸಾದವರಿಗೆ ಸುಖದ್ದಲ್ಲ. ಕೊಬ್ಬಿನಂಶದ ಮೊದಲ ತಪಾಸಣೆಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಟ್ರೈಗ್ಲಿಸರೈಡ್ ತೀರಾ ಹೆಚ್ಚಿದ್ದರೆ ಮತ್ತೊಮ್ಮೆ ಖಾಲಿ ಹೊಟ್ಟೆಯಲ್ಲಿ ನೋಡಬಹುದು.

ವರದಿಯನ್ನು ಹಿಡಿದು ವೈದ್ಯರ ಬಳಿ ಹೋದಾಗ ಅವರು ರಕ್ತದೊತ್ತಡವನ್ನೂ ಮನೆತನದ ಹೃದ್ರೋಗದ ಇತಿಹಾಸವನ್ನೂ ಕೇಳಿ ತಿಳಿದು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಆರಂಭಿಸಿದರು. ಮಾತ್ರೆ ಹಿಡಿದಿದೆಯೇ ಎಂದು ತಿಳಿಯಲು 4ರಿಂದ 12 ವಾರಗಳೊಳಗೆ ಮತ್ತೆ ಪರೀಕ್ಷೆ ಆಗಬೇಕು. ಹಿಂದಿನ ಅಂಕಿಯೊಡನೆ ಹೋಲಿಸಲು ಒಂದೇ ಲ್ಯಾಬ್ ಒಳ್ಳೆಯದೆಂಬ ಕಾರಣಕ್ಕೆ ಅದನ್ನು ಇಲ್ಲಿಯೇ ಮಾಡಿಸುತ್ತೇವೆ, ಆದರೆ ಪ್ಯಾಕೇಜ್ ಬಿಟ್ಟು ಬರೀ ಲಿಪಿಡ್ ಪ್ರೊಫೈಲ್ ಮತ್ತು ಲಿಪೊಪ್ರೋಟೀನ್-ಎ ಎರಡನ್ನೇ ಕೇಳುತ್ತೇವೆ, ನಾನ್-ಎಚ್‌ಡಿಎಲ್ ಸಾಲನ್ನು ವರದಿಗೆ ಸೇರಿಸಬೇಕೆಂದು ಲಿಖಿತವಾಗಿಯೂ ಕೋರಿದ್ದೇವೆ.