ಕೇಳದೆ ನಂಬುವ ರೂಟರ್‌ಗಳು: ಮುಧೋಳದಿಂದ ಬಂದ ಒಂದು ಸುಳ್ಳು ದಾರಿ

ಕಬ್ಬಿನ ಬಿಲ್ಲು ಜಮೆಯಾಗುವ ದಿನಗಳಲ್ಲಿ ಜಮಖಂಡಿ, ಮುಧೋಳದ ಪತ್ತಿನ ಸಹಕಾರಿ ಸಂಘಗಳ ಮುಂದೆ ಬಾಗಿಲು ತೆರೆಯುವ ಮೊದಲೇ ರೈತರು ಬಂದು ಕುಳಿತಿರುತ್ತಾರೆ. ಅಂಥದೇ ಒಂದು ಸೋಮವಾರ, ನಾನು ಜಾಲ ನೋಡಿಕೊಳ್ಳುವ ಸಂಸ್ಥೆಯ ಹನ್ನೊಂದು ಶಾಖೆಗಳಲ್ಲಿ ಮಧ್ಯಾಹ್ನ ಎರಡು ಗಂಟೆಯವರೆಗೆ ಒಂದು ರೂಪಾಯಿಯ ವ್ಯವಹಾರವೂ ನಡೆಯಲಿಲ್ಲ. ಮಗಳನ್ನು ಆಸ್ಪತ್ರೆಗೆ ಸೇರಿಸಿ ಹಣ ತೆಗೆಯಲು ಬಂದಿದ್ದ ಹಿರಿಯರೊಬ್ಬರಿಗೆ ಮುಧೋಳ ಶಾಖೆಯ ವ್ಯವಸ್ಥಾಪಕರು ತಮ್ಮ ಜೇಬಿನಿಂದಲೇ ಕೊಟ್ಟು ಕಳಿಸಿದರು. ಯಾರೂ ನಮ್ಮ ಮೇಲೆ ದಾಳಿ ಮಾಡಿರಲಿಲ್ಲ. ಯಾವ ಕೇಬಲ್ಲೂ ಕತ್ತರಿಸಿರಲಿಲ್ಲ. ಒಂದು ಹಳೆಯ ರೂಟರ್ (ಜಾಲದಲ್ಲಿ ಮಾಹಿತಿಗೆ ದಾರಿ ತೋರಿಸುವ ಪೆಟ್ಟಿಗೆ) ಸುಳ್ಳು ಹೇಳಿತು, ಉಳಿದ ಎಲ್ಲ ರೂಟರ್‌ಗಳೂ ಅದನ್ನು ನಂಬಿದವು, ಅಷ್ಟೇ. ಶಾಖೆಗಳ ನಡುವೆ ಓಎಸ್‌ಪಿಎಫ್ (ರೂಟರ್‌ಗಳು ತಮಗೆ ಗೊತ್ತಿರುವ ದಾರಿಗಳನ್ನು ಒಂದಕ್ಕೊಂದು ಹೇಳಿಕೊಳ್ಳುವ ಪದ್ಧತಿ) ಓಡಿಸುತ್ತಿದ್ದು ಅದಕ್ಕೆ ಇನ್ನೂ ಯಾವ ಕಾವಲನ್ನೂ ಹಾಕದವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಪ್ರಧಾನ ಕಚೇರಿ ಬಾಗಲಕೋಟೆಯ ನವನಗರದಲ್ಲಿದೆ. ಬ್ಯಾಂಕಿಂಗ್ ಸರ್ವರ್ ಹೊರಗಿನವರ ಬಳಿ ಇದೆ. ಶಾಖೆಗಳೆಲ್ಲ ನವನಗರಕ್ಕೆ ಬಂದು, ಅಲ್ಲಿಂದ ಒಂದೇ ದಾರಿಯಲ್ಲಿ ಆ ಸರ್ವರ್ ತಲುಪುತ್ತವೆ. ಆ ದಾರಿಯನ್ನು ನಾನು ಒಂದು ದೊಡ್ಡ ವಿಳಾಸ ಗುಂಪಾಗಿ, ಅಂದರೆ /16 ಎಂದು ಬರೆದಿಟ್ಟಿದ್ದೆ. ಶನಿವಾರ ಸಂಜೆ ಮುಧೋಳ ಶಾಖೆಯಲ್ಲಿ ಕಂಪ್ಯೂಟರ್‌ಗಳನ್ನು ಜಾಲಕ್ಕೆ ಜೋಡಿಸುವ ಸ್ವಿಚ್ ಕೆಟ್ಟಿತ್ತು. ರಿಪೇರಿಗೆ ಬಂದ ತಂತ್ರಜ್ಞ ಪೋರ್ಟ್‌ಗಳು ಸಾಲದೆ, ಕಪಾಟಿನಲ್ಲಿದ್ದ ನಮ್ಮದೇ ಹಳೆಯ ರೂಟರ್ ಒಂದನ್ನು ಹೊರತೆಗೆದು ಸ್ವಿಚ್‌ನಂತೆ ಬಳಸಲು ಸಿಕ್ಕಿಸಿ ಹೋಗಿದ್ದ. ಅವನನ್ನು ನಾನು ದೂರುವುದಿಲ್ಲ. ಆ ರೂಟರ್‌ನಲ್ಲಿ ಹಿಂದೆ ಯಾರೋ ಪ್ರಯೋಗಕ್ಕೆಂದು ಬ್ಯಾಂಕಿಂಗ್ ಸರ್ವರ್‌ನ ವಿಳಾಸವನ್ನೇ ಲೂಪ್‌ಬ್ಯಾಕ್ ವಿಳಾಸವಾಗಿ, ಅಂದರೆ ರೂಟರ್‌ನ ಸ್ವಂತ ವಿಳಾಸವಾಗಿ, ಹಾಕಿಟ್ಟಿದ್ದರು. ಎಲ್ಲ ಪೋರ್ಟ್‌ಗಳಲ್ಲೂ ಓಎಸ್‌ಪಿಎಫ್ ಚಾಲೂ ಇತ್ತು. ಸೋಮವಾರ ಬೆಳಿಗ್ಗೆ ಶಾಖೆಯಲ್ಲಿ ವಿದ್ಯುತ್ ಹಾಕಿದ ಒಂದು ನಿಮಿಷದೊಳಗೆ ಅದು ಮುಧೋಳದ ರೂಟರ್‌ನ ನೆರೆಯಾಯಿತು (ದಾರಿಗಳನ್ನು ಹಂಚಿಕೊಳ್ಳುವ ಜೊತೆಗಾರನಾಯಿತು), 'ಆ ಸರ್ವರ್ ನನ್ನ ಬಳಿ ಇದೆ' ಎಂದು ಸಾರಿತು. ಒಂದೇ ವಿಳಾಸದ /32 ದಾರಿ ಹೆಚ್ಚು ನಿಖರ, ಹಾಗಾಗಿ /16 ದಾರಿಗಿಂತ ಯಾವಾಗಲೂ ಮುಂದು. ನವನಗರದ ರೂಟರ್ ಹನ್ನೊಂದು ಶಾಖೆಗಳ ವ್ಯವಹಾರವನ್ನೆಲ್ಲ ಮುಧೋಳದ ಆ ಪೆಟ್ಟಿಗೆಗೆ ಸುರಿಯತೊಡಗಿತು.

ನನ್ನನ್ನು ನಾಲ್ಕು ತಾಸು ದಾರಿ ತಪ್ಪಿಸಿದ್ದು ಪಿಂಗ್, ಅಂದರೆ ಒಂದು ವಿಳಾಸ ಉತ್ತರಿಸುತ್ತದೆಯೇ ಎಂದು ನೋಡುವ ಪರೀಕ್ಷೆ. ಸರ್ವರ್‌ಗೆ ಪಿಂಗ್ ಕೊಟ್ಟರೆ ಉತ್ತರ ಬರುತ್ತಿತ್ತು, ಅದೂ ಎಂದಿಗಿಂತ ಬೇಗ. ಹಾಗಾಗಿ ಜಾಲ ಸರಿಯಿದೆ, ತಂತ್ರಾಂಶ ಕೆಟ್ಟಿದೆ ಎಂದು ನಿರ್ಧರಿಸಿ ಸರ್ವರ್‌ನವರೊಂದಿಗೆ ಜಗಳವಾಡುತ್ತ ಕುಳಿತೆ. ಉತ್ತರ ಕೊಡುತ್ತಿದ್ದುದು ಸರ್ವರ್ ಅಲ್ಲ, ಮುಧೋಳದ ಪೆಟ್ಟಿಗೆ. ದಾರಿಯ ಪ್ರತಿ ಹೆಜ್ಜೆಯನ್ನೂ ತೋರಿಸುವ ಟ್ರೇಸ್‌ರೂಟ್ ಹಾಕಿದ್ದರೆ ಹತ್ತು ಸೆಕೆಂಡಿನಲ್ಲಿ ತಿಳಿಯುತ್ತಿತ್ತು. ಪಿಂಗ್ ಇದ್ದಕ್ಕಿದ್ದಂತೆ ವೇಗವಾದರೆ ಸಂತೋಷಪಡಬೇಡಿ, ಕೂಡಲೇ ದಾರಿಯನ್ನು ನೋಡಿ. ಎರಡು ಗಂಟೆಗೆ ಆ ರೂಟರ್‌ನ ತಂತಿ ಕಿತ್ತ ಮೇಲೆ, ಓಎಸ್‌ಪಿಎಫ್ ನೆರೆಯನ್ನು ಸತ್ತದ್ದೆಂದು ಬಗೆಯಲು ತೆಗೆದುಕೊಳ್ಳುವ ನಲವತ್ತು ಸೆಕೆಂಡು ಕಳೆಯಿತು, ಶಾಖೆಗಳು ಒಂದೊಂದಾಗಿ ಎದ್ದವು.

ಇಲ್ಲಿಗೆ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ನಿಜವಾದ ಪಾಠ ನಾನು ಆಮೇಲೆ ಆತುರದಲ್ಲಿ ಆರಿಸಿಕೊಂಡ ಪರಿಹಾರಗಳಲ್ಲಿದೆ.

ಅಂದು ಸಂಜೆಯೇ ಎಲ್ಲ ರೂಟರ್‌ಗಳಲ್ಲಿ ಓಎಸ್‌ಪಿಎಫ್‌ನ ಸಾದಾ ಪಾಸ್‌ವರ್ಡ್ ಹಾಕಿದೆ. ಎಂಟು ಅಕ್ಷರ, ಐದು ನಿಮಿಷದ ಕೆಲಸ. ಮರುದಿನ ಜಮಖಂಡಿಯಿಂದ ನನ್ನ ಕಿರಿಯ ಸಹೋದ್ಯೋಗಿ ಫೋನ್ ಮಾಡಿ, "ಸರ್, ನೀವು ನಿನ್ನೆ ಹಾಕಿದ ಪಾಸ್‌ವರ್ಡ್ ಓದಲೇ?" ಎಂದು ಕೇಳಿ ಒಂದೊಂದೇ ಅಕ್ಷರ ಹೇಳಿದ. ಶಾಖೆಯ ಗೋಡೆಯಲ್ಲಿದ್ದ ಸಾಮಾನ್ಯ ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ತಂತಿಯ ಮೇಲೆ ಹೋಗುವುದನ್ನು ಓದಿ ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದಿದ್ದನಷ್ಟೆ. ರೂಟರ್ ತಾನಿದ್ದೇನೆಂದು ನೆರೆಗಳಿಗೆ ತಿಳಿಸಲು ಹತ್ತು ಸೆಕೆಂಡಿಗೊಮ್ಮೆ, ಓಎಸ್‌ಪಿಎಫ್ ರೂಟರ್‌ಗಳೆಲ್ಲ ಆಲಿಸುವ 224.0.0.5 ವಿಳಾಸಕ್ಕೆ ಕಳಿಸುವ ಪ್ರತಿ ಹಲೋ ಪ್ಯಾಕೆಟ್‌ನಲ್ಲೂ ಆ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವಂತೆ ಇರುತ್ತದೆ. ಇದು ಕಾವಲಲ್ಲ. ತಪ್ಪಾಗಿ ಸಿಕ್ಕಿಸಿದ ಪೆಟ್ಟಿಗೆಯನ್ನು ತಡೆದೀತು, ಉದ್ದೇಶಪೂರ್ವಕವಾಗಿ ಬಂದವನನ್ನು ತಡೆಯುವುದಿಲ್ಲ.

ಆ ಫೋನ್ ಕರೆಯಿಂದ ನನಗೆ ಹೊಳೆದದ್ದು ಬೇರೆ ಪ್ರಶ್ನೆ: ಗುಮಾಸ್ತರು ಕುಳಿತುಕೊಳ್ಳುವ ಕಡೆಯ ಪೋರ್ಟ್‌ನಲ್ಲಿ ರೂಟರ್ ಹಲೋ ಹೇಳುತ್ತಿರುವುದೇಕೆ? ಅಲ್ಲಿ ಇನ್ನೊಂದು ರೂಟರ್ ಇರಬೇಕಾದ್ದೇ ಇಲ್ಲ. ಆ ಕಡೆಯನ್ನು ಪ್ಯಾಸಿವ್ (ಹಲೋ ಹೇಳದ, ಕೇಳದ ಸ್ಥಿತಿ) ಮಾಡಿದರೆ ಜಾಲದ ವಿಳಾಸ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಆ ಪೋರ್ಟ್‌ನಲ್ಲಿ ಯಾರ ಜೊತೆಗೂ ನೆರೆತನ ಬೆಳೆಯುವುದಿಲ್ಲ. ಮುಧೋಳದ ಘಟನೆಯನ್ನು ಈ ಒಂದು ಸಾಲೇ ತಡೆಯುತ್ತಿತ್ತು. ಎಲ್ಲ ಪೋರ್ಟ್‌ಗಳನ್ನೂ ಮೊದಲು ಪ್ಯಾಸಿವ್ ಮಾಡಿ, ಶಾಖೆಯನ್ನು ಪ್ರಧಾನ ಕಚೇರಿಗೆ ಜೋಡಿಸುವ ಪೋರ್ಟ್ ಒಂದನ್ನೇ ಬಿಡಿಸಿಕೊಳ್ಳಿ. ಯಾವ ಗೂಢಲಿಪಿ ಒಳ್ಳೆಯದು ಎಂಬ ಚರ್ಚೆ ಇದಾದ ಮೇಲೆ.

ಗೂಢಲಿಪಿಯ ಮಾತಿಗೆ ಬಂದರೆ, ಓಎಸ್‌ಪಿಎಫ್‌ನ ನಿಯಮಗಳಿರುವ 1998ರ ಆರ್‌ಎಫ್‌ಸಿ 2328ರಲ್ಲಿ (ಆರ್‌ಎಫ್‌ಸಿ ಎಂದರೆ ಅಂತರಜಾಲದ ಮಾನಕ ದಾಖಲೆ) ಎಂಡಿ5 ಎಂಬ ಮುದ್ರೆಯ ವಿಧಾನವಿದೆ. ಕೀಲಿ, ಅಂದರೆ ಎರಡೂ ತುದಿಗಳಿಗೆ ಗೊತ್ತಿರುವ ಗುಟ್ಟಿನ ಪದ, ತಂತಿಯ ಮೇಲೆ ಹೋಗುವುದಿಲ್ಲ, ಕೀಲಿಯಿಂದ ಮಾಡಿದ ಮುದ್ರೆ ಮಾತ್ರ ಹೋಗುತ್ತದೆ. ಎಂಡಿ5ರ ದೌರ್ಬಲ್ಯ 2004ರಲ್ಲೇ ಬಯಲಾಗಿದೆ. 2009ರ ಆರ್‌ಎಫ್‌ಸಿ 5709 ಅದರ ಬದಲಿಗೆ ಹೆಚ್ಚು ಗಟ್ಟಿಯಾದ ಮುದ್ರೆ ಮಾಡುವ ಶಾ (SHA) ಕುಟುಂಬದ ಎಚ್‌ಮ್ಯಾಕ್ (HMAC) ವಿಧಾನಗಳನ್ನು ತಂದಿತು. ನಿಮ್ಮ ಎಲ್ಲ ರೂಟರ್‌ಗಳೂ ಒಪ್ಪಿದರೆ ಎಚ್‌ಮ್ಯಾಕ್-ಶಾ-256 ಹಾಕಿ, ಎರಡನೇ ಮಾತು ಬೇಡ. ನಮ್ಮ ಮೂರು ಹಳೆಯ ಪೆಟ್ಟಿಗೆಗಳು ಒಪ್ಪಲಿಲ್ಲ, ಆ ಕೊಂಡಿಗಳಲ್ಲಿ ಸದ್ಯಕ್ಕೆ ಎಂಡಿ5 ಇದೆ. ಏನೂ ಇಲ್ಲದ್ದಕ್ಕಿಂತ ಅದು ಬಹಳ ಮೇಲು. ಐಪಿ ಆರನೇ ಆವೃತ್ತಿಗೆ ಹೋಗಿರುವವರಿಗೆ ಓಎಸ್‌ಪಿಎಫ್‌ನ ಮೂರನೇ ಆವೃತ್ತಿಯಲ್ಲಿ ಮೊದಲು ಐಪಿಸೆಕ್ ಎಂಬ ಪ್ರತ್ಯೇಕ ಭದ್ರತಾ ವ್ಯವಸ್ಥೆ ಒಂದೇ ದಾರಿಯಾಗಿತ್ತು, 2014ರ ಆರ್‌ಎಫ್‌ಸಿ 7166ರಲ್ಲಿ ಸರಳ ಮುದ್ರೆಯ ವಿಧಾನವೂ ಇದೆ. ಯಾವುದನ್ನು ಹಾಕಿದರೂ ಮುದ್ರೆ ದಾರಿಗಳನ್ನು ಮರೆಮಾಡುವುದಿಲ್ಲ, ಹೇಳಿದವರು ಕೀಲಿ ಬಲ್ಲವರು ಎಂದಷ್ಟೇ ಸಾಬೀತುಪಡಿಸುತ್ತದೆ.

ನಾನು ಸೋತದ್ದು ಕೀಲಿ ಬದಲಿಸುವಾಗ. ಹೊಸ ಕೀಲಿಯನ್ನು ಇಳಕಲ್ ಶಾಖೆಯ ರೂಟರ್‌ಗೆ ಅಂಟಿಸುವಾಗ ಅದರ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿತು. ಆ ರೂಟರ್ ಅದನ್ನೂ ಕೀಲಿಯ ಭಾಗವೆಂದೇ ತೆಗೆದುಕೊಂಡಿತು. ನೆರೆತನ ಮುರಿಯಿತು. ಇಳಕಲ್ಲಿನ ಪೆಟ್ಟಿಗೆಯೊಳಗೆ ಹೋಗಲು ನನ್ನ ಕೋಣೆಯ ವಿಳಾಸಗಳಿಂದ ಮಾತ್ರ ಅನುಮತಿ ಕೊಟ್ಟಿದ್ದೆ, ಆ ವಿಳಾಸಗಳಿಗೆ ಮರಳುವ ದಾರಿ ಈಗ ಅದಕ್ಕೆ ಗೊತ್ತಿರಲಿಲ್ಲ. ಹುನಗುಂದದ ಮೇಲೆ ಗಾಡಿ ಓಡಿಸಿಕೊಂಡು ಹೋಗಿ, ತಂತಿ ಸಿಕ್ಕಿಸಿ, ಆ ಒಂದು ಖಾಲಿ ಜಾಗ ಅಳಿಸಿ ಬಂದೆ. ಓಎಸ್‌ಪಿಎಫ್‌ನಲ್ಲಿ ಹಳೆಯ ಕೀಲಿ ಇರುವಾಗಲೇ ಬೇರೆ ಸಂಖ್ಯೆಯಲ್ಲಿ ಹೊಸ ಕೀಲಿಯನ್ನು ಪಕ್ಕದಲ್ಲಿ ಇಡಬಹುದು. ಎರಡೂ ತುದಿಗಳಲ್ಲಿ ಹೊಸದು ನಿಂತಿತೆಂದು ನೋಡಿದ ಮೇಲೆಯೇ ಹಳೆಯದನ್ನು ತೆಗೆಯಬೇಕು. ನಾನು ಹಳೆಯದನ್ನು ಮೊದಲು ತೆಗೆದಿದ್ದೆ. ಆ ಕೀಲಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಳಿಸಿದ್ದೆ ಎಂಬುದೂ ಅಷ್ಟೇ ದೊಡ್ಡ ತಪ್ಪು.

ಇದಕ್ಕಿಂತ ಕೆಟ್ಟದ್ದು ಬಾದಾಮಿಯಲ್ಲಿ ಆಯಿತು. ಕೀಲಿಗಳಿಗೆ ಅವಧಿ ಗೊತ್ತುಮಾಡಿ ತಾವೇ ಬದಲಾಗುವಂತೆ ಕೀ ಚೈನ್ (ಕೀಲಿಗಳ ಸರಣಿ) ಕಟ್ಟಿದ್ದೆ. ಒಂದು ಸಂಜೆ ಮಳೆಗೆ ವಿದ್ಯುತ್ ಹೋಯಿತು, ಯುಪಿಎಸ್ ಕೂಡ ಬರಿದಾಯಿತು. ಆ ರೂಟರ್‌ನ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಎದ್ದಾಗ ಅದರ ಲೆಕ್ಕದಲ್ಲಿ ಎಷ್ಟೋ ವರ್ಷ ಹಿಂದಿನ ದಿನಾಂಕ. ಆ ದಿನಾಂಕಕ್ಕೆ ಯಾವ ಕೀಲಿಯೂ ಊರ್ಜಿತವಲ್ಲ, ಹಾಗಾಗಿ ನೆರೆತನವಿಲ್ಲ. ನೆರೆತನವಿಲ್ಲದೆ ನವನಗರದ ಎನ್‌ಟಿಪಿ (ಜಾಲದ ಮೂಲಕ ಸರಿಯಾದ ಸಮಯ ತಿಳಿಸುವ) ಸರ್ವರ್‌ಗೆ ದಾರಿಯಿಲ್ಲ. ಎನ್‌ಟಿಪಿ ಇಲ್ಲದೆ ಗಡಿಯಾರ ಸರಿಹೋಗುವುದಿಲ್ಲ. ಬೀಗದ ಕೈ ಬೀಗ ಹಾಕಿದ ಮನೆಯೊಳಗೇ ಉಳಿದಂತೆ. ಅವಧಿ ಇರುವ ಕೀಲಿಗಳನ್ನು ಬಳಸುವವರು ಎನ್‌ಟಿಪಿ ಸರ್ವರ್‌ಗೆ ಎರಡೂ ಕಡೆಯಿಂದ ಒಂದು ಸ್ಟ್ಯಾಟಿಕ್ ದಾರಿ ಕೈಯಾರೆ ಬರೆದಿಡಿ. ಅದಿಲ್ಲದಿದ್ದರೆ ಅವಧಿಯ ಗೋಜಿಗೇ ಹೋಗಬೇಡಿ. ಅವಧಿಯಿಲ್ಲದ ಕೀಲಿಯನ್ನು ನೀವೇ ಹೋಗಿ ಬದಲಿಸುವುದು ಚಿಕ್ಕ ಸಂಸ್ಥೆಗೆ ಹೆಚ್ಚು ಸುರಕ್ಷಿತ.

ಇಷ್ಟೆಲ್ಲ ಆದ ಮೇಲೂ ಒಂದು ಬಾಗಿಲು ತೆರೆದಿರುತ್ತದೆ. ಕೀಲಿ ಬಲ್ಲ ನಮ್ಮದೇ ರೂಟರ್ ತಪ್ಪು ದಾರಿ ಸಾರಿದರೆ ಮುದ್ರೆ ಅದನ್ನು ತಡೆಯದು. ಸರ್ವರ್‌ನ ದಾರಿಯನ್ನು ನವನಗರದಲ್ಲಿ /32 ಆಗಿಯೇ ಸ್ಟ್ಯಾಟಿಕ್ ಮಾಡಿದ್ದೇನೆ. ಅದೇ ವಿಳಾಸವನ್ನು ಓಎಸ್‌ಪಿಎಫ್ ಮೂಲಕ ಯಾರು ಹೇಳಿದರೂ ಪ್ರಧಾನ ರೂಟರ್ ಸ್ಟ್ಯಾಟಿಕ್ ದಾರಿಯನ್ನೇ ಹಿಡಿಯುತ್ತದೆ. ಕಪಾಟಿನಲ್ಲಿದ್ದ ಹಳೆಯ ಪೆಟ್ಟಿಗೆಗಳನ್ನೆಲ್ಲ ಅಳಿಸಿ ಖಾಲಿ ಮಾಡಿದ್ದೇನೆ. ಕೀಲಿಗಳು ಕಾಗದದ ಮೇಲೆ, ಮುಚ್ಚಿದ ಲಕೋಟೆಯಲ್ಲಿ, ಪ್ರಧಾನ ಕಚೇರಿಯ ತಿಜೋರಿಯಲ್ಲಿವೆ. ಉಳಿದ ಮೂರು ಹಳೆಯ ರೂಟರ್‌ಗಳ ಬದಲಿಗೆ ಹೊಸವು ಬಂದಿವೆ. ಎರಡನೇ ಶನಿವಾರ, ಶಾಖೆಗಳು ಮುಚ್ಚಿರುವಾಗ, ಮೊದಲು ಬಾದಾಮಿಗೆ ಹೋಗುತ್ತೇನೆ.