ಡಬ್ಬದ ಮೇಲಿನ 10000 ನಂಬಿ ಒಳ್ಳೆಯ ಕ್ಷೌರದ ಕತ್ತಿ ಕೆಡಿಸಿಕೊಂಡೆ

ಹಳೆಯ ಕ್ಷೌರದ ಕತ್ತಿಗೆ ಸಾಣೆ ಹಿಡಿಯೋಕೆ ಕಡಿಮೆ ಬೆಲೆಯ ಕಲ್ಲು ಹುಡುಕುತ್ತಿದ್ದೀರಾ? ಆರ್ಡರ್ ಹಾಕುವ ಮೊದಲು ಇದನ್ನು ಓದಿ.

ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೆ ಬಜಾರ್‌ನಲ್ಲಿ ನನಗೊಂದು ಮಡಚುವ ಕತ್ತಿ ಸಿಕ್ಕಿತ್ತು. ಬುಡದಲ್ಲಿ ಸೋಲಿಂಗನ್ ಅನ್ನುವ ಅಚ್ಚು. ಜರ್ಮನಿಯ ಆ ಊರು ಕತ್ತಿಗಳಿಗೇ ಹೆಸರುವಾಸಿ. ಅಲ್ಲಲ್ಲಿ ತುಕ್ಕು ಹಿಡಿದಿತ್ತು, ಬಾಯಿ ಮೊಂಡಾಗಿತ್ತು. ಆದರೆ ಒಂದು ಮುಕ್ಕೂ ಇರಲಿಲ್ಲ. ಈಗ ಕಟ್ಟಿಂಗ್ ಶಾಪ್‌ಗಳಲ್ಲಿ ಬ್ಲೇಡ್ ಮುರಿದು ಹಾಕುವ ಕತ್ತಿಯೇ ಜಾಸ್ತಿ. ಸಾಣೆ ಹಿಡಿದು ಕೊಡುವವರು ನಮ್ಮ ಏರಿಯಾದಲ್ಲಿ ಸಿಗಲಿಲ್ಲ. ನಾನೇ ಮಾಡೋಣ ಅಂತ ಆನ್‌ಲೈನಲ್ಲಿ 850 ರೂಪಾಯಿ ಕೊಟ್ಟು ಒಂದು ಕಲ್ಲು ತರಿಸಿದೆ. ಒಂದು ಬದಿ 3000 ಗ್ರಿಟ್, ಇನ್ನೊಂದು ಬದಿ 10000. ಈ ಅಂಕೆ ಹೆಚ್ಚಾದಷ್ಟೂ ಕಲ್ಲು ನುಣುಪು ಅಂತ ಲೆಕ್ಕ. ತಯಾರಿಸಿದವರ ಹೆಸರೇ ಇರಲಿಲ್ಲ. ಜೊತೆಗೆ ಕೋನ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಒಂದು ಉಚಿತ.

ಆ ಕ್ಲಿಪ್ ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಅದು ಅಡುಗೆಮನೆ ಚಾಕುವಿನದು. ಕ್ಷೌರದ ಕತ್ತಿಗೆ ಅದರ ಬೆನ್ನೇ ಅಳತೆ. ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿ ಉಜ್ಜಿದರೆ ಸುಮಾರು 16–17 ಡಿಗ್ರಿ ಕೋನ ತಾನಾಗಿಯೇ ಬರುತ್ತದೆ. ಕ್ಲಿಪ್ ಹಾಕಿದರೆ ಬೆನ್ನು ಮೇಲೆದ್ದು ಬಾಯಿ ದಪ್ಪಗಾಗುತ್ತದೆ. ಪುಣ್ಯಕ್ಕೆ ನಾನು ಅದನ್ನು ಹಾಕಲಿಲ್ಲ.

3000ದ ಬದಿಯಲ್ಲಿ ಅರ್ಧ ಗಂಟೆ, ಆಮೇಲೆ 10000ದ ಬದಿಯಲ್ಲಿ ಅಷ್ಟೇ ಹೊತ್ತು ಮಸೆದೆ. ಬಾಯಿ ಫಳಫಳ ಹೊಳೆಯಿತು. ಮೊಣಕೈ ಕೆಳಗಿನ ಕೂದಲೂ ಹೋಯಿತು. ತೊಗಲು ಪಟ್ಟಿಗೆ ಎಳೆದು ಮುಖಕ್ಕೆ ಹಚ್ಚಿದೆ. ಗಡ್ಡ ಬೋಳಿಸಿದ ಹಾಗಿರಲಿಲ್ಲ, ಕಿತ್ತ ಹಾಗಿತ್ತು. ಗಂಟಲ ಹತ್ತಿರ ಮೂರು ಕಡೆ ರಕ್ತ, ಎರಡು ದಿನ ಉರಿ.

ಗೆಳೆಯನಿಂದ ಅಕ್ಕಸಾಲಿಗರು ಬಳಸುವ ಭೂತಗನ್ನಡಿ ತಂದು ನೋಡಿದೆ. ಹೊಳಪಿನ ನಡುವೆ ನೇಗಿಲು ಹೊಡೆದಂಥ ಗೆರೆಗಳು. ಗೆರೆ ಬಾಯಿಗೆ ಬಂದು ಮುಟ್ಟಿದಲ್ಲೆಲ್ಲ ಸಣ್ಣ ಮುಕ್ಕು. ಜಪಾನಿನ ಅಳತೆಯಲ್ಲಿ 8000 ಗ್ರಿಟ್ ಅಂದರೆ ಕಣ ಸುಮಾರು 1.2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). 1000 ಅಂದರೆ ಹನ್ನೊಂದು ಚಿಲ್ಲರೆ ಮೈಕ್ರಾನ್. ನುಣ್ಣನೆಯ ಕಲ್ಲಿನಲ್ಲಿ ಒಂದೇ ಒಂದು ದಪ್ಪ ಕಣ ಸೇರಿದ್ದರೂ ಸಾಕು, ಹಿಟ್ಟಿನಲ್ಲಿ ಮರಳು ಸಿಕ್ಕ ಹಾಗೆ. ಚಾಕುವಾದರೆ ಟೊಮೇಟೊ ಕೊಯ್ಯುವಾಗ ಇದು ಗೊತ್ತೇ ಆಗಲ್ಲ. ಮುಖದ ಚರ್ಮಕ್ಕೆ ಗೊತ್ತಾಗುತ್ತದೆ.

ಇನ್ನೂ ಕೆಟ್ಟದ್ದು ಆಮೇಲೆ ಕಂಡಿತು. ಕತ್ತಿಯನ್ನು ಕಿಟಕಿ ಬೆಳಕಿಗೆ ಹಿಡಿದರೆ ಬಾಯಿ ನೇರ ಇಲ್ಲ, ನಡುವೆ ಒಳಕ್ಕೆ ಬಾಗಿದೆ. ಕಲ್ಲಿನ ಮೇಲೆ ಉಕ್ಕಿನ ಸ್ಕೇಲ್ ನಿಲ್ಲಿಸಿದಾಗ ಕಾರಣ ಸಿಕ್ಕಿತು. ನಡುವೆ ಸ್ಕೇಲ್ ತಾಗುತ್ತಿತ್ತು, ಎರಡೂ ಅಂಚಿನ ಅಡಿಯಲ್ಲಿ ಬೆಳಕು ನುಸುಳುತ್ತಿತ್ತು. ಆ ಉಬ್ಬು ಕತ್ತಿಯ ನಡುಭಾಗವನ್ನೇ ತಿಂದಿತ್ತು. ವಾಪಸ್ ತಗೊಳ್ಳಿ ಅಂದರೆ, ನೆನೆಸಿದ ಕಲ್ಲು ತಗೊಳ್ಳಲ್ಲ ಅಂದರು ಮಾರಿದವರು.

ಕಲ್ಲನ್ನು ಸಪಾಟು ಮಾಡಬಹುದು, ನಿಜ. ಪೆನ್ಸಿಲ್‌ನಲ್ಲಿ ಚೌಕಳಿ ಗೆರೆ ಎಳೆದು, ದಪ್ಪ ಗಾಜಿನ ಮೇಲೆ ನೀರು ಹಾಕಿ ಉಜ್ಜುವ 400ರ ಮರಳು ಕಾಗದ ಹಾಸಿ, ಗೆರೆಯೆಲ್ಲ ಅಳಿಯುವ ತನಕ ಉಜ್ಜಬೇಕು. ಹೊಸ ಕಲ್ಲಿಗೂ, ಒಳ್ಳೆಯ ಕಂಪನಿಯ ಕಲ್ಲಿಗೂ ಇದನ್ನು ಮಾಡಲೇಬೇಕು. ಆದರೆ ಕಣವೇ ಕೆಟ್ಟಿದ್ದರೆ ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ.

ದುಡ್ಡು ನಿಜಕ್ಕೂ ಕಡಿಮೆ ಇದ್ದರೆ ಕಲ್ಲೇ ಬೇಡ, ಲ್ಯಾಪಿಂಗ್ ಫಿಲ್ಮ್ ತಗೊಳ್ಳಿ ಅನ್ನುತ್ತೇನೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದೇ ಅಳತೆಯ ಕಣ ಅಂಟಿಸಿರುತ್ತಾರೆ. 12, 3, 1 ಮೈಕ್ರಾನ್ ಹಾಳೆಗಳನ್ನು ಒದ್ದೆ ಗಾಜಿಗೆ ಅಂಟಿಸಿ, ಮೇಲೂ ಸ್ವಲ್ಪ ನೀರು ಹಾಕಿ, ಕತ್ತಿಯ ತೂಕದಷ್ಟೇ ಒತ್ತಡದಲ್ಲಿ ಎಳೆದರೆ ಸಾಕು. ಹಾಳೆ ಬೇಗ ಸವೆಯುತ್ತದೆ, ಒಪ್ಪುತ್ತೇನೆ. ಆದರೆ ಒಂದೋ ಎರಡೋ ಕತ್ತಿ ಇರುವವರಿಗೆ ಇದು ಧಾರಾಳ. ಕಲ್ಲೇ ಬೇಕು ಅಂದರೆ ಕಿಂಗ್ 1000/6000ದಂಥ ಹೆಸರಿರುವ ಕಲ್ಲು ಕೊಳ್ಳಿ. 1000ದಲ್ಲಿ ಎರಡೂ ಬದಿಯ ಇಳಿಜಾರು ಬಾಯಿಯಲ್ಲಿ ಪೂರ್ತಿ ಕೂಡುವ ತನಕ ಮುಂದೆ ಹೋಗಬೇಡಿ. 6000 ಮುಖಕ್ಕೆ ಸ್ವಲ್ಪ ಒರಟೇ. ಕೊನೆಗೆ ಕ್ರೋಮಿಯಂ ಆಕ್ಸೈಡ್ (ಹೊಳಪು ಕೊಡುವ ಹಸಿರು ಪುಡಿ) ಹಚ್ಚಿದ ಪಟ್ಟಿಗೆ ಹತ್ತಿಪ್ಪತ್ತು ಸಲ ಎಳೆಯಿರಿ.

ನನ್ನ ಕತ್ತಿಯ ಬಾಯಿ ನೇರ ಮಾಡೋಕೆ ಒಂದು ಮಿಲಿಮೀಟರಿನಷ್ಟು ಉಕ್ಕು ಸವೆಸಬೇಕಾಯಿತು. ಮೂರು ವಾರ ಹಿಡಿಯಿತು. ಈಗ ಚೆನ್ನಾಗಿ ಬೋಳಿಸುತ್ತದೆ. ಆದರೆ ಹೋದ ಉಕ್ಕು ವಾಪಸ್ ಬರಲ್ಲ, ಅಲ್ವಾ? ಕಲ್ಲು ಯಾವುದೇ ತರಿಸಿ, ಡಬ್ಬ ಬಿಚ್ಚಿದ ದಿನವೇ, ನೀರು ಮುಟ್ಟಿಸುವ ಮೊದಲು, ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿ.