ಬಿ.ಇಡಿ ಕಾಲೇಜಿಗೆ ಪ್ರಾಂಶುಪಾಲರ ಆಯ್ಕೆ: ಸಮಿತಿ ಗಟ್ಟಿ, ಅಳತೆ ಅರೆಬರೆ

ಶಿಕ್ಷಣ ಮಹಾವಿದ್ಯಾಲಯಕ್ಕೆ ಪ್ರಾಂಶುಪಾಲರನ್ನು ನೇಮಿಸಲು ಹೊರಟ ಆಡಳಿತ ಮಂಡಳಿಯ ಮುಂದೆ ಎರಡು ನಿಯಮಾವಳಿ ಇರಬೇಕು: ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರದ್ದು ಮತ್ತು ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) 2014ರದ್ದು. ಇವೆರಡೂ ಸೇರಿ ಕಟ್ಟಿಕೊಟ್ಟಿರುವ ಆಯ್ಕೆಕ್ರಮ ಕಾಲೇಜಿಗೆ ನಿಜಕ್ಕೂ ಎಷ್ಟು ಒದಗುತ್ತದೆ ಎಂಬುದನ್ನು ಇಲ್ಲಿ ನೋಡಿದ್ದೇವೆ. ನಮ್ಮ ಅಂಕ ಐದಕ್ಕೆ ಮೂರು. ಸಮಿತಿಯ ರಚನೆ ಚೆನ್ನಾಗಿದೆ. ಅಭ್ಯರ್ಥಿಯನ್ನು ಅಳೆಯುವ ರೀತಿ ಮಾತ್ರ ಬಿ.ಇಡಿ ಕಾಲೇಜಿನ ಕೆಲಸಕ್ಕೆ ಅರ್ಧ ಮಾತ್ರ ಹೊಂದುತ್ತದೆ. ಉಳಿದರ್ಧವನ್ನು ಕಾಲೇಜೇ ಸಂದರ್ಶನಕ್ಕೆ ಮೊದಲು ತುಂಬಿಕೊಳ್ಳಬೇಕು.

ಯುಜಿಸಿ ಕೇಳುವುದು ಪಿಎಚ್‌ಡಿ, ಪ್ರೊಫೆಸರ್ ಇಲ್ಲವೇ ಅಸೋಸಿಯೇಟ್ ಪ್ರೊಫೆಸರ್ ಹುದ್ದೆ, ಬೋಧನೆ ಅಥವಾ ಸಂಶೋಧನೆಯಲ್ಲಿ ಒಟ್ಟು 15 ವರ್ಷ, ಕನಿಷ್ಠ 10 ಪ್ರಕಟಿತ ಪ್ರಬಂಧ, 110 ಸಂಶೋಧನಾ ಅಂಕ. ಎನ್‌ಸಿಟಿಇ ಕೇಳುವುದೇ ಬೇರೆ: ಸ್ನಾತಕೋತ್ತರ ಪದವಿಯಲ್ಲಿ ಶೇ 55, ಎಂ.ಇಡಿಯಲ್ಲೂ ಶೇ 55, ಶಿಕ್ಷಣಶಾಸ್ತ್ರದಲ್ಲಿ ಅಥವಾ ಆ ಕಾಲೇಜಿನಲ್ಲಿರುವ ಬೋಧನಾ ವಿಷಯದಲ್ಲಿ (ಗಣಿತ, ವಿಜ್ಞಾನದಂಥ ಶಾಲಾ ವಿಷಯ) ಪಿಎಚ್‌ಡಿ, ಜೊತೆಗೆ ಮಾಧ್ಯಮಿಕ ಹಂತದ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಯಲ್ಲಿ 8 ವರ್ಷದ ಬೋಧನೆ. ಒಂದನ್ನು ಪೂರೈಸಿದವರು ಇನ್ನೊಂದನ್ನು ತಾನಾಗಿ ಪೂರೈಸಿದಂತಲ್ಲ. ಎಂ.ಎ. ಎಜುಕೇಶನ್ ಮತ್ತು ಪಿಎಚ್‌ಡಿ ಇದ್ದು ಎಂ.ಇಡಿ ಇಲ್ಲದವರು ಇಲ್ಲಿ ಅರ್ಹರಲ್ಲ. ಪದವಿ ಕಾಲೇಜಿನಲ್ಲಿ 20 ವರ್ಷ ಪಾಠ ಮಾಡಿದವರ ಆ ಸೇವೆ ಎನ್‌ಸಿಟಿಇಯ 8 ವರ್ಷಕ್ಕೆ ಸೇರುವುದಿಲ್ಲ. ಡಿ.ಇಡಿ ತರಗತಿಗಳಿಗೆ ಕಲಿಸಿದ ಅನುಭವವೂ ಪ್ರಾಥಮಿಕ ಹಂತದ್ದೇ.

ಹೆಚ್ಚಿನ ಎಡವಟ್ಟು ಆಗುವುದು ಜಾಹೀರಾತಿನಲ್ಲಿ. ಅದೇ ಸಂಸ್ಥೆಯ ಪದವಿ ಕಾಲೇಜಿನ ಹಳೆಯ ಜಾಹೀರಾತನ್ನು ತೆಗೆದು ಹೆಸರು ಬದಲಿಸಿ ಕೊಟ್ಟರೆ ಎಂ.ಇಡಿ ಮತ್ತು 8 ವರ್ಷದ ಷರತ್ತು ಬಿಟ್ಟುಹೋಗುತ್ತವೆ. ಸಂದರ್ಶನ ಮುಗಿದು ಕಡತ ವಿಶ್ವವಿದ್ಯಾಲಯದ ಅನುಮೋದನೆಗೆ ಹೋದಾಗ ಆಕ್ಷೇಪಣೆ ಬರುತ್ತದೆ, ಇಡೀ ಪ್ರಕ್ರಿಯೆ ಮೊದಲಿಂದ ಶುರು. ಇದಕ್ಕೆ ಸುಲಭದ ಉಪಾಯವಿದೆ: ಅರ್ಜಿ ನಮೂನೆಯಲ್ಲಿ ಅನುಭವಕ್ಕೆ ಎರಡು ಪ್ರತ್ಯೇಕ ಕಾಲಂ ಮಾಡಿ. ಒಂದರಲ್ಲಿ ಒಟ್ಟು ಸೇವೆ, ಇನ್ನೊಂದರಲ್ಲಿ ಬಿ.ಇಡಿ ಅಥವಾ ಎಂ.ಇಡಿ ಸಂಸ್ಥೆಯ ಸೇವೆ. ಎರಡಕ್ಕೂ ನೇಮಕಾತಿ ಆದೇಶದ ಪ್ರತಿಯನ್ನೇ ಕೇಳಿ.

ಇನ್ನು 110 ಅಂಕದ ಲೆಕ್ಕ. ಶಿಕ್ಷಣಶಾಸ್ತ್ರದಲ್ಲಿ ಒಂದು ಪ್ರಬಂಧಕ್ಕೆ 10. ಇಬ್ಬರು ಬರೆದಿದ್ದರೆ ಒಬ್ಬೊಬ್ಬರಿಗೂ ಅದರ ಶೇ 70, ಅಂದರೆ 7. ಹತ್ತೂ ಪ್ರಬಂಧ ಇಬ್ಬರ ಹೆಸರಿನಲ್ಲಿದ್ದರೆ, ಇಂಪ್ಯಾಕ್ಟ್ ಫ್ಯಾಕ್ಟರ್‌ನ (ಪತ್ರಿಕೆಯ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಎಂಬ ಅಳತೆ) ಹೆಚ್ಚುವರಿ ಅಂಕ ಬಿಟ್ಟು, ಸಿಗುವುದು 70. ರಾಷ್ಟ್ರೀಯ ಮಟ್ಟದ ಪ್ರಕಾಶಕರಿಂದ ಬಂದ ಒಂದು ಪುಸ್ತಕಕ್ಕೆ 10, ಮಾರ್ಗದರ್ಶನದಲ್ಲಿ ಪದವಿ ಪಡೆದ ಮೂವರು ಪಿಎಚ್‌ಡಿ ವಿದ್ಯಾರ್ಥಿಗಳಿಗೆ 30. ಅಲ್ಲಿಗೆ ಸರಿಯಾಗಿ 110. ಅಂಕಗಳು ಆರು ವಿಭಾಗಗಳಲ್ಲಿ ಕನಿಷ್ಠ ಮೂರರಿಂದ ಬಂದಿರಬೇಕು ಎಂಬುದನ್ನು ಅಭ್ಯರ್ಥಿಗಳೂ ಪರಿಶೀಲಿಸುವವರೂ ಮರೆಯುತ್ತಾರೆ. ವಿಚಾರಸಂಕಿರಣದ ಉಪನ್ಯಾಸ, ಪ್ರಬಂಧ ಮಂಡನೆಗಳಿಗೂ ಮಿತಿ ಇದೆ. ನೀತಿ ದಾಖಲೆಯ ಅಂಕದೊಂದಿಗೆ ಸೇರಿ ಅವು ಒಟ್ಟು ಅಂಕದ ಶೇ 30 ದಾಟುವಂತಿಲ್ಲ. ಪ್ರಮಾಣಪತ್ರಗಳ ಕಟ್ಟು ದಪ್ಪವಿದ್ದ ಮಾತ್ರಕ್ಕೆ ಅಂಕ ಏರುವುದಿಲ್ಲ. 2025ರ ಫೆಬ್ರವರಿಯಲ್ಲಿ ಯುಜಿಸಿ ತಾನು ಒಪ್ಪಿದ ಸಂಶೋಧನಾ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟ ಮೇಲೆ ಪತ್ರಿಕೆಯ ಗುಣಮಟ್ಟ ನೋಡುವ ಹೊಣೆ ಸಂಸ್ಥೆಗಳ ಮೇಲೇ ಬಿದ್ದಿದೆ. ಹಣ ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳನ್ನು ಹಿಡಿಯಬೇಕಾದರೆ ಪ್ರಬಂಧ ತಲುಪಿದ ದಿನಾಂಕ ಮತ್ತು ಒಪ್ಪಿಗೆಯ ದಿನಾಂಕ ನೋಡಿ, ಪರಿಶೀಲಕರ ಟಿಪ್ಪಣಿ ಕೇಳಿ.

ಇಷ್ಟೆಲ್ಲ ಅಳೆದ ಮೇಲೂ ಅಭ್ಯರ್ಥಿಗೆ ಬಿ.ಇಡಿ ಕಾಲೇಜು ನಡೆಸಲು ಬರುತ್ತದೆಯೇ ಎಂಬುದು ತಿಳಿಯುವುದಿಲ್ಲ. ನಮ್ಮ ದೊಡ್ಡ ತಕರಾರು ಇದೇ. ಈ ಕಾಲೇಜಿನ ಜೀವ ಇರುವುದು ಶಾಲೆಗಳಲ್ಲಿ. ಎರಡು ವರ್ಷದ ಬಿ.ಇಡಿಯಲ್ಲಿ ಶಾಲಾ ಅನುಭವಕ್ಕೆ 20 ವಾರ ಮೀಸಲು: ಮೊದಲ ವರ್ಷ 4, ಎರಡನೇ ವರ್ಷ 16. 1000 ಮಕ್ಕಳವರೆಗಿನ ಶಾಲೆಗೆ 10ಕ್ಕಿಂತ ಹೆಚ್ಚು ಪ್ರಶಿಕ್ಷಣಾರ್ಥಿಗಳನ್ನು ಕಳಿಸುವಂತಿಲ್ಲ. ಆದ್ದರಿಂದ 100 ಜನರ ತಂಡಕ್ಕೆ ಅಂಥ 10 ಶಾಲೆ ಬೇಕು. ಪ್ರಾಂಶುಪಾಲರೂ ಸೇರಿ 16 ಬೋಧಕರಲ್ಲಿ ಬೋಧನಾ ವಿಷಯದವರು 8 ಮಂದಿ. 10 ಶಾಲೆಗಳ ಪಾಠ ವೀಕ್ಷಣೆಯ ಭಾರ ಮುಖ್ಯವಾಗಿ ಇವರ ಮೇಲೆ, ಇತ್ತ ಮೊದಲ ವರ್ಷದ ತರಗತಿಗಳೂ ನಿಲ್ಲುವಂತಿಲ್ಲ. ಅವಧಿ ಜನವರಿ, ಫೆಬ್ರವರಿಗೆ ಜಾರಿದರೆ ಎಸ್ಸೆಸ್ಸೆಲ್ಸಿ ಪುನರಾವರ್ತನೆಯ ಕಾಲ. ಯಾವ ಮುಖ್ಯೋಪಾಧ್ಯಾಯರೂ ಹತ್ತನೇ ತರಗತಿ ಬಿಟ್ಟುಕೊಡಲು ಒಪ್ಪುವುದಿಲ್ಲ. ಮೊದಲೇ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಳಿಗೆ ಹೋಗಿ ಅನುಮತಿ ತಂದು, ಶಾಲೆಗಳ ಜೊತೆ ವೇಳಾಪಟ್ಟಿ ಹೊಂದಿಸುವುದು ಪ್ರಾಂಶುಪಾಲರ ಕೆಲಸ. 110ರಲ್ಲಿ ಇದಕ್ಕೆ ಒಂದು ಅಂಕವೂ ಇಲ್ಲ.

ಹಾಗಾಗಿ ಸಂದರ್ಶನದ ಕರೆಪತ್ರದ ಜೊತೆಗೇ ಒಂದು ಕೆಲಸ ಕೊಡಬೇಕು: 100 ಪ್ರಶಿಕ್ಷಣಾರ್ಥಿಗಳು, 10 ಶಾಲೆ, 8 ಬೋಧಕರು, 16 ವಾರ, ಎರಡು ಪುಟದಲ್ಲಿ ಯೋಜನೆ ಬರೆದು ತನ್ನಿ. ಸಂದರ್ಶನದಲ್ಲಿ ಅದರ ಮೇಲೇ ಪ್ರಶ್ನೆ ಕೇಳಿ. ಗಣಿತದ ಬೋಧಕರು ರಜೆ ಹಾಕಿದರೆ ವೀಕ್ಷಣೆ ಯಾರದು? ಶಾಲೆಯವರು ಪ್ರಶಿಕ್ಷಣಾರ್ಥಿಗಳನ್ನು ಬರೀ ಬದಲಿ ತರಗತಿಗೆ ಬಳಸಿಕೊಂಡರೆ ಏನು ಮಾಡುತ್ತೀರಿ? ಶಾಲೆಗಳ ಒಡನಾಟವಿರುವವರು ಯಾರು ಎಂಬುದು ಬೇಗ ಬಯಲಾಗುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ ಆವರಣದಲ್ಲೇ ಪ್ರಾತ್ಯಕ್ಷಿಕಾ ಶಾಲೆ ಇದೆ. ಅಂಥ ಅನುಕೂಲವಿಲ್ಲದ ಕಾಲೇಜುಗಳಿಗೆ ಈ ಪರೀಕ್ಷೆ ಇನ್ನೂ ಮುಖ್ಯ.

ಸಮಿತಿಯ ವಿಷಯಕ್ಕೆ ಬಂದರೆ ನಿಯಮ ನಿಜಕ್ಕೂ ಮೆಚ್ಚುವಂತಿದೆ. ಆಡಳಿತ ಮಂಡಳಿಯ ಅಧ್ಯಕ್ಷರು, ಅವರು ಹೆಸರಿಸುವ ಇಬ್ಬರು ಸದಸ್ಯರು, ಕುಲಪತಿಗಳ ಇಬ್ಬರು ನಾಮನಿರ್ದೇಶಿತರು, ಮೂವರು ಉನ್ನತ ಶಿಕ್ಷಣ ತಜ್ಞರು. ಕುಲಪತಿಗಳು ಕಳಿಸುವ ಇಬ್ಬರಲ್ಲಿ ಒಬ್ಬರಿಗಾದರೂ ಆ ವಿಶ್ವವಿದ್ಯಾಲಯದ ಸಂಬಂಧವೇ ಇರಬಾರದು. ಇಬ್ಬರು ತಜ್ಞರು ಸೇರಿ ಐವರಿದ್ದರೆ ಕೋರಂ. ಅಂಕಪಟ್ಟಿ, ನಡಾವಳಿ, ಶಿಫಾರಸು ಎಲ್ಲ ಅದೇ ದಿನ ಮುಗಿದು ಎಲ್ಲರ ಸಹಿ ಬೀಳಬೇಕು. ಊರಿನ ಒತ್ತಡ ತಡೆಯಲು ಇದಕ್ಕಿಂತ ಒಳ್ಳೆಯ ಬೇಲಿ ಇಲ್ಲ. ಆದರೆ ಅಂಕ ಪರಿಶೀಲನೆಯನ್ನೂ ಆ ದಿನಕ್ಕೇ ಉಳಿಸಿಕೊಂಡರೆ ತಜ್ಞರ ಹೊತ್ತೆಲ್ಲ ಜೆರಾಕ್ಸ್ ಪ್ರತಿ ತಿರುವುವುದರಲ್ಲೇ ಕಳೆದು, ಒಬ್ಬೊಬ್ಬ ಅಭ್ಯರ್ಥಿಗೆ ಸಿಗುವುದು ಹತ್ತು ನಿಮಿಷ. ಪರಿಶೀಲನೆ ಎರಡು ವಾರ ಮೊದಲೇ ಮುಗಿಸಿ, ಲೆಕ್ಕವನ್ನು ಅಭ್ಯರ್ಥಿಗೂ ತೋರಿಸಿ ಸಹಿ ಪಡೆಯಿರಿ.

ಅವಧಿ ಐದು ವರ್ಷ. ವಿಶ್ವವಿದ್ಯಾಲಯ ನೇಮಿಸುವ ಸಮಿತಿ ಕೆಲಸ ನೋಡಿ ಒಪ್ಪಿದರೆ ಇನ್ನೊಂದು ಐದು. ಎರಡು ವರ್ಷದ ಕೋರ್ಸ್ ಆದ್ದರಿಂದ ಮೊದಲ ಅವಧಿಯಲ್ಲಿ ಒಬ್ಬ ಪ್ರಾಂಶುಪಾಲರು ಆರಂಭದಿಂದ ಕೊನೆಯವರೆಗೆ ನೋಡುವುದು ನಾಲ್ಕು ತಂಡಗಳನ್ನು ಮಾತ್ರ.

ಉಪಪ್ರಾಂಶುಪಾಲರ ಅವಕಾಶವನ್ನು ಬಹಳಷ್ಟು ಕಾಲೇಜುಗಳು ಬಳಸುವುದೇ ಇಲ್ಲ, ಇದು ನಷ್ಟ. ಪ್ರಾಂಶುಪಾಲರ ಶಿಫಾರಸಿನ ಮೇಲೆ ಹಿರಿಯ ಬೋಧಕರೊಬ್ಬರನ್ನು ಆಡಳಿತ ಮಂಡಳಿ ಎರಡು ವರ್ಷಕ್ಕೆ ಹೆಸರಿಸಬಹುದು. ಪ್ರಾಂಶುಪಾಲರು ಇಲ್ಲದಾಗ ಅಧಿಕಾರ ಅವರದೇ. ಅವರಿಗೆ ಶಾಲಾ ಇಂಟರ್ನ್‌ಶಿಪ್ ಪೂರ್ತಿ ವಹಿಸಿ, ಶಾಲೆಗಳ ಪಟ್ಟಿ, ಅನುಮತಿ ಪತ್ರ, ಮಾರ್ಗದರ್ಶಕ ಶಿಕ್ಷಕರ ವಿವರಗಳನ್ನು ಒಂದೇ ಕಡತದಲ್ಲಿ ಇಡಿಸಿದರೆ ಮುಂದಿನ ಪ್ರಾಂಶುಪಾಲರು ಬಂದ ವಾರದಲ್ಲೇ ಕೆಲಸ ಕೈಗೆತ್ತಿಕೊಳ್ಳಬಹುದು. ನಿವೃತ್ತಿಯ ದಿನಾಂಕ ಮೊದಲೇ ಗೊತ್ತಿರುವುದರಿಂದ ಜಾಹೀರಾತು ಕನಿಷ್ಠ ಆರು ತಿಂಗಳು ಮುಂಚೆ ಹೊರಡಲಿ. ತಡಮಾಡಿದ ಕಾಲೇಜುಗಳಲ್ಲಿ ಪ್ರಭಾರ ವ್ಯವಸ್ಥೆ ವರ್ಷಗಟ್ಟಲೆ ಎಳೆಯುತ್ತದೆ, ಎನ್‌ಸಿಟಿಇಗೆ ತೋರಿಸಬೇಕಾದ 16ರ ಪಟ್ಟಿಯಲ್ಲಿ ಮೊದಲ ಸಾಲೇ ಖಾಲಿ ಇರುತ್ತದೆ.